ಗೈರುಹಾಜರಾದವಳ ಉತ್ತರ ಪತ್ರಿಕೆ ನಿಮ್ಮ ಕಪಾಟಿನಲ್ಲಿದೆ

ಪರೀಕ್ಷಾ ವಿಭಾಗದ ಮಾನ್ಯ ಕುಲಸಚಿವರೇ,

ರಾತ್ರಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಫೋನು ಟಣ್ಣೆಂದಿತು. ಮಗು ನಿದ್ದೆಹೋಗಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಇಬ್ಬರೂ ಎದ್ದೆವು, ಅವನು ಅತ್ತ, ನಾನು ಓದಿದೆ. ಸಾರ್ವಜನಿಕ ವಿಶ್ವವಿದ್ಯಾಲಯಗಳ ಶ್ರೇಯಾಂಕ ಪಟ್ಟಿಯಲ್ಲಿ ನಾವು ನಲವತ್ತೊಂದರಿಂದ ಹತ್ತೊಂಬತ್ತನೇ ಸ್ಥಾನಕ್ಕೆ ಏರಿದ್ದೇವಂತೆ. ಈ ಹೆಮ್ಮೆ ನನ್ನದೂ ಹೌದಂತೆ. ಅದರ ಬೆನ್ನಿಗೇ ಎರಡನೇ ಸಂದೇಶ ಬಂತು: ಹಳೆಯ ಪಠ್ಯಕ್ರಮದಲ್ಲಿ ಬಾಕಿ ವಿಷಯ ಉಳಿಸಿಕೊಂಡವರ ನೋಂದಣಿ ಇಂದು ಬೆಳಿಗ್ಗೆ ಆರು ಗಂಟೆಗೆ ತಾನಾಗಿ ಕೊನೆಗೊಳ್ಳುತ್ತದೆ, ಅದನ್ನು 'ಸ್ವಇಚ್ಛೆಯ ನಿರ್ಗಮನ' ಎಂದು ಪರಿಗಣಿಸಲಾಗುವುದು. ಪಟ್ಟಿ ಮುಚ್ಚುವುದು ಆರಕ್ಕೆ, ನಿಮ್ಮ ಕಚೇರಿ ತೆರೆಯುವುದು ಹತ್ತೂವರೆಗೆ. ನಡುವಿನ ನಾಲ್ಕೂವರೆ ಗಂಟೆಯಲ್ಲಿ ಯಾರ ಬಾಗಿಲು ತಟ್ಟಬೇಕೆಂದು ಸಂದೇಶದಲ್ಲಿ ಇರಲಿಲ್ಲ. ಹಾಗಾಗಿ ವಿಶ್ವವಿದ್ಯಾಲಯದ ಜಾಲಪುಟದಲ್ಲಿ ನೀವು ಹಾಕಿರುವ ಅಭಿನಂದನೆಯ ಕೆಳಗೆ, ಎಲ್ಲರಿಗೂ ಕಾಣುವ ಈ ಜಾಗದಲ್ಲೇ ಬರೆಯುತ್ತಿದ್ದೇನೆ.

ನಾನು ಎಲ್ಲಿಗೂ ನಿರ್ಗಮಿಸುತ್ತಿಲ್ಲ, ಮಾನ್ಯರೇ. ಅಂಥ ಇಚ್ಛೆ ನನಗೆ ಕನಸಿನಲ್ಲೂ ಬಂದಿಲ್ಲ. ಕನಸು ಬೀಳುವಷ್ಟು ಹೊತ್ತು ನಾನು ನಿದ್ದೆ ಮಾಡಿದ್ದೇ ಅಪರೂಪ. ನನ್ನ ಪದವಿಗೆ ಉಳಿದಿರುವುದು ಒಂದೇ ವಿಷಯ, ವಿಶ್ಲೇಷಣಾ ರಸಾಯನಶಾಸ್ತ್ರ. ಆ ಪರೀಕ್ಷೆಯನ್ನು ನಾನು ಬರೆದಿದ್ದೇನೆ. ಉತ್ತರ ಪತ್ರಿಕೆ ನಿಮ್ಮ ಕಟ್ಟಡದಲ್ಲೇ ಇದೆ. ಅದನ್ನು ತೆರೆದು ಓದಿ ಎಂದು ಬೇಡಿಕೊಳ್ಳಲು ಶುರುಮಾಡಿ ಹತ್ತು ತಿಂಗಳಾಯಿತು.

ನಡೆದದ್ದು ಇಷ್ಟು. ಆಗ ನನಗೆ ಎಂಟು ತಿಂಗಳು ತುಂಬಿತ್ತು. ನಿಮ್ಮ ಪರೀಕ್ಷಾ ಕೇಂದ್ರದಲ್ಲಿ ಬೆಂಚು, ಮೇಜು ಎರಡನ್ನೂ ಒಂದೇ ಕಬ್ಬಿಣದ ಚೌಕಟ್ಟಿಗೆ ಬಿಗಿದಿದ್ದಾರೆ. ನಡುವಿನ ಜಾಗ ಎಷ್ಟೆಂದು ಆ ದಿನ ನನ್ನ ಹೊಟ್ಟೆಗೆ ಗೊತ್ತಾಯಿತು. ಓರೆಯಾಗಿ ಕೂತು ನೋಡಿದೆ, ನಿಂತು ಬಗ್ಗಿ ನೋಡಿದೆ, ಆಗಲಿಲ್ಲ. ಬೇರೆ ಕಾಲೇಜಿನಿಂದ ಮೇಲ್ವಿಚಾರಣೆಗೆ ಬಂದಿದ್ದ ಹಿರಿಯ ಮೇಡಂ ಒಬ್ಬರು ನನ್ನ ಪರದಾಟ ನೋಡಿ ಹತ್ತಿರ ಬಂದರು. "ಬಾಮ್ಮ, ನಿನಗೆ ಬೇರೆ ರೂಮು. ಇಬ್ಬರು ಸೇರಿ ಬರೀತಿದ್ದೀರಲ್ಲ, ಜಾಗ ಜಾಸ್ತಿ ಬೇಕಪ್ಪ," ಎಂದರು. ಇಡೀ ಕೋಣೆ ನಕ್ಕಿತು, ನಾನೂ ನಕ್ಕೆ. ಕೈತೊಳೆಯುವ ಬೋಗುಣಿ ಇದ್ದ ಒಂದು ಪುಟ್ಟ ಕೋಣೆಯಲ್ಲಿ ಕುರ್ಚಿ, ಮೇಜು ಹಾಕಿಸಿಕೊಟ್ಟರು. ಮೂರು ಗಂಟೆ ಬರೆದೆ. ಆ ಕೋಣೆಗೆ ಹಾಜರಿ ಪಟ್ಟಿಯೇ ಇರಲಿಲ್ಲ. ಅವರು ಒಂದು ಬಿಳಿಹಾಳೆಯ ಮೇಲೆ ನನ್ನ ಸಹಿ ಹಾಕಿಸಿ, ತಾವೂ ಸಹಿ ಮಾಡಿ, ಉತ್ತರ ಪತ್ರಿಕೆಯ ಜೊತೆಗೆ ಕವರಿನೊಳಗಿಟ್ಟು ಅಂಟಿಸಿದರು. ಅತ್ತ ದೊಡ್ಡ ಕೋಣೆಯಲ್ಲಿ ಹಾಜರಿ ತೆಗೆದುಕೊಂಡವರು ಖಾಲಿ ಬೆಂಚು ನೋಡಿ ನನ್ನ ಸಂಖ್ಯೆಯ ಮುಂದೆ 'ಗೈರು' ಎಂದು ಬರೆದರು. ತಪ್ಪು ಯಾರದ್ದೂ ಅಲ್ಲ. ಅದನ್ನು ಸರಿಪಡಿಸಲು ಎರಡು ನಿಮಿಷ ಬೇಕಿತ್ತು, ಅಷ್ಟೇ.

ಫಲಿತಾಂಶ ಬಂದ ಮೇಲೆ, ಹದಿನೈದು ದಿನದ ಬಾಣಂತಿ ನಾನು, ನಿಮ್ಮ ನಾಲ್ಕನೇ ಕಿಟಕಿಯ ಮುಂದೆ ನಿಂತೆ.

"ಮೇಡಂ, ನೀವು ಗೈರುಹಾಜರು," ಎಂದರು ಕಿಟಕಿಯೊಳಗಿನ ಗುಮಾಸ್ತರು.

"ಇಲ್ಲ ಸಾರ್, ಮೂರು ಗಂಟೆ ಕೂತು ಬರ್ದಿದ್ದೀನಿ."

"ಬರ್ದಿಲ್ಲ ಅಂತ ನಾನಂದ್ನಾ? ನಿಮ್ಮ ಪೇಪರ್ ಬಂದಿದೆ. ಅಗೋ, ಆ ಕಪಾಟು ಕಾಣ್ತಿದೆಯಲ್ಲ, ಮೇಲಿನಿಂದ ಎರಡನೇ ಸಾಲು."

"ಹಾಗಾದ್ರೆ ತೆಗೆದು ನೋಡಿ ಸಾರ್."

"ಗೈರುಹಾಜರಾದವರ ಪೇಪರ್ ಹೇಗೆ ತೆಗೆಯೋದು ಮೇಡಂ? ನಿಯಮ ಒಪ್ಪಲ್ಲ. ನೀವು ಬಂದಿದ್ರಿ ಅನ್ನೋಕೆ ದಾಖಲೆ ತನ್ನಿ, ಕಡತ ಮಾಡಿ ಕುಲಸಚಿವರಿಗೆ ಕಳಿಸ್ತೀನಿ."

"ದಾಖಲೆ ಆ ಕವರಿನೊಳಗೇ ಇದೆಯಲ್ಲ ಸಾರ್!"

"ಅದೇ ನೋಡಿ ತೊಂದರೆ," ಎಂದು ಅವರು ನಿಜವಾಗಿಯೂ ನೊಂದುಕೊಂಡರು. ಕೆಟ್ಟ ಮನುಷ್ಯರಲ್ಲ. ನನಗೆ ಕುರ್ಚಿ ಕೊಡಿಸಿದರು, ನೀರು ಕೊಡಿಸಿದರು. ಕವರು ಮಾತ್ರ ಕೊಡಲಿಲ್ಲ.

ಆ ಮೇಡಂ ಯಾರೆಂದು ಕೇಂದ್ರದವರನ್ನು ಕೇಳಿದೆ; ಮೇಲ್ವಿಚಾರಕರ ವಿವರ ಗೋಪ್ಯ ಎಂದರು. ಮರುಪರೀಕ್ಷೆ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮೊದಲ ಮರುಪರೀಕ್ಷೆಯ ಹೊತ್ತಿಗೆ ಮಗುವಿಗೆ ಕಾಮಾಲೆಯಾಗಿ ಆಸ್ಪತ್ರೆಯಲ್ಲಿದ್ದೆ. ಎರಡನೆಯದರ ಹೊತ್ತಿಗೆ ನೀವು ಆ ವಿಷಯವನ್ನೇ ಪಠ್ಯಕ್ರಮದಿಂದ ತೆಗೆದುಹಾಕಿದ್ದಿರಿ. ಬಾಣಂತನಕ್ಕೆ ಬಂದಿದ್ದ ನನ್ನ ಅತ್ತೆ ಒಂದು ದಿನ ಹೇಳಿದರು: "ಒಂಬತ್ತು ತಿಂಗಳಿಗೆ ಸರಿಯಾಗಿ ಮಗು ಬಂತು. ನಿನ್ನ ಮಾರ್ಕ್ಸ್ ಕಾರ್ಡು ಮಾತ್ರ ಇನ್ನೂ ಬಸಿರಲ್ಲೇ ಇದೆಯಲ್ಲೇ ಹುಡುಗಿ, ಆ ಕುಲಸಚಿವರನ್ನ ಯಾವ ಡಾಕ್ಟರ್ ನೋಡ್ತಿದ್ದಾರಂತೆ?" ಈಗ ಅತ್ತೆಯೂ ಇಲ್ಲಿಲ್ಲ, ಮಗಳ ಹೆರಿಗೆಗೆಂದು ಹೋಗಿದ್ದಾರೆ. ನಗಿಸುವವರಿಲ್ಲದ ಮನೆಯಲ್ಲಿ ಈ ಮಾತನ್ನು ನನಗೆ ನಾನೇ ಹೇಳಿಕೊಂಡೆ. ನಗು ಬರಲಿಲ್ಲ.

ಈಗ ನಿಮ್ಮ ಹತ್ತೊಂಬತ್ತನೇ ಸ್ಥಾನದ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ನಿಮ್ಮ ಶ್ರೇಯಾಂಕ ಕೋಶದಿಂದ ಒಬ್ಬಳು ಹುಡುಗಿ ಫೋನ್ ಮಾಡಿದ್ದಳು. "ಮೇಡಂ, ನಾನಾಗೇ ಬಿಟ್ಟೆ ಅಂತ ಒಂದೇ ಒಂದು ಸಾಲು ಬರ್ದುಕೊಡಿ ಸಾಕು. ಅವಧಿಯೊಳಗೆ ಪದವಿ ಪಡೆದವರ ಪ್ರಮಾಣಕ್ಕೆ ತುಂಬಾ ಅಂಕ ಇದೆ, ನೀವು ಪಟ್ಟಿಯಲ್ಲಿದ್ರೆ ಅದು ಕಡಿಮೆಯಾಗುತ್ತೆ," ಎಂದಳು. "ನನಗೇನು ಸಿಗುತ್ತೆ?" ಎಂದೆ. ದನಿ ತಗ್ಗಿಸಿ ಹೇಳಿದಳು: "ನಂದೂ ಒಂದು ಸಬ್ಜೆಕ್ಟ್ ಬಾಕಿ ಇತ್ತು ಮೇಡಂ. ನಾನೂ ಬರ್ದುಕೊಟ್ಬಿಟ್ಟೆ. ಕೆಲಸ ಬೇಕಲ್ಲ." ಆಗ ನನಗೆ ಅರ್ಥವಾಯಿತು. ಮುಗಿಸಿದವರು ಹೆಚ್ಚಾಗದಿದ್ದರೇನು, ಮುಗಿಸದವರನ್ನು ಅಳಿಸಿದರೆ ಸಾಕು. ನಾವು ಹೋದಷ್ಟೂ ನೀವು ಮೇಲೇರುತ್ತೀರಿ. ಇಪ್ಪತ್ತೆರಡು ಮೆಟ್ಟಿಲು ಹತ್ತಿದ್ದೀರಿ; ಒಂದೊಂದು ಮೆಟ್ಟಿಲಿನಲ್ಲಿ ಎಷ್ಟು ಮಂದಿಯನ್ನು ಹಾಸಿದ್ದೀರಿ ಎಂಬ ಅಂಕಿ ಆ ಪಟ್ಟಿಯಲ್ಲಿ ಯಾಕಿಲ್ಲ?

ನಮ್ಮಲ್ಲಿ ಪದವಿ ಪಡೆಯುವುದು ಕಷ್ಟ, ಏಕೆಂದರೆ ನಮ್ಮ ಗುಣಮಟ್ಟ ಎತ್ತರದ್ದು ಎಂದು ನೀವು ಘಟಿಕೋತ್ಸವದಲ್ಲಿ ಹೇಳಿದ್ದು ನೆನಪಿದೆ. ಕಷ್ಟ ಇರಲಿ ಮಾನ್ಯರೇ, ಕಷ್ಟಕ್ಕೆ ನಾನು ಹೆದರಿದವಳಲ್ಲ. ಎರಡನೇ ವರ್ಷ ಗಣಿತದಲ್ಲಿ ಫೇಲಾದೆ. ನ್ಯಾಯವಾಗಿಯೇ ಫೇಲಾದೆ, ಓದಿರಲಿಲ್ಲ. ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಹಗಲೆಲ್ಲ ಬಾಟಲಿ ತೊಳೆದು, ಮಾದರಿಗಳಿಗೆ ಚೀಟಿ ಅಂಟಿಸಿ, ಸಂಜೆ ಬಂದು ಲೆಕ್ಕ ಮಾಡಿ, ಮತ್ತೆ ಬರೆದು ಪಾಸಾದೆ. ಆ ಕಷ್ಟ ನನ್ನನ್ನು ಬೆಳೆಸಿತು. ಆದರೆ ನಾಲ್ಕನೇ ಕಿಟಕಿಯ ಕಷ್ಟ ಯಾರನ್ನು ಬೆಳೆಸುತ್ತದೆ? ಅದರಲ್ಲಿ ಯಾವ ವಿದ್ಯೆ ಇದೆ? ಆರು ಗಂಟೆಗೆ ಹೆಸರು ಹೋದರೆ ನಾನು ಮೊದಲ ವರ್ಷದಿಂದ ಶುರುಮಾಡಬೇಕು. ಅದು ನನ್ನಿಂದಾಗದು. ಬಾಟಲಿ ತೊಳೆಯುತ್ತಲೇ ಉಳಿಯುತ್ತೇನೆ, ಪಕ್ಕದ ಮೇಜಿನಲ್ಲಿ ಬೇರೆಯವರು ಪರೀಕ್ಷೆ ಮಾಡುತ್ತಾರೆ.

ಈ ಹೊತ್ತಿನಲ್ಲಿ ಇದನ್ನು ಯಾರಿಗೆ ಹೇಳಲಿ? ನನ್ನ ಗಂಡ ಹಡಗಿನಲ್ಲಿ ಅಡುಗೆಯವರು. ದಡ ಸಿಕ್ಕಾಗ ಫೋನ್ ಮಾಡುತ್ತಾರೆ, ಈ ವಾರ ಸಿಕ್ಕಿಲ್ಲ. ಸಹಪಾಠಿಗಳ ಗುಂಪಿನಲ್ಲಿ ನಾನು ಮೂರು ಸಲ ಸಹಾಯ ಕೇಳಿದೆ. ಮೊದಲ ಸಲ ಎಲ್ಲರೂ ಮರುಗಿದರು, ಎರಡನೇ ಸಲ ಇಬ್ಬರು. ಮೂರನೇ ಸಲ ನನ್ನ ಮಾತಿನ ಕೆಳಗೆ ಯಾರದೋ ಮದುವೆಯ ಚಿತ್ರ ಬಂತು. ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಒಂದೇ ಹೆಬ್ಬೆರಳಲ್ಲಿ ಬರೆಯುತ್ತಿದ್ದೇನೆ. ಎದುರಿನ ಮನೆಗಳಲ್ಲಿ ಒಂದು ದೀಪವೂ ಇಲ್ಲ. ಎಚ್ಚರವಾಗಿದ್ದೀರಾ ಎಂದು ಕೇಳಲು ನನಗೆ ಉಳಿದಿರುವುದು ನೀವೊಬ್ಬರೇ. ಹೇಗಿದೆ ನೋಡಿ ನನ್ನ ಪರಿಸ್ಥಿತಿ.

ನನ್ನ ಬೇಡಿಕೆ ದೊಡ್ಡದಲ್ಲ. ನನ್ನನ್ನು ಪಾಸು ಮಾಡಿ ಎನ್ನುತ್ತಿಲ್ಲ. ಆ ಕವರು ತೆರೆಯಿರಿ. ಒಳಗೆ ಬಿಳಿಹಾಳೆ ಇಲ್ಲದಿದ್ದರೆ ನನ್ನನ್ನು ಸುಳ್ಳುಗಾತಿ ಎಂದು ಇದೇ ಪುಟದಲ್ಲಿ ಪ್ರಕಟಿಸಿ. ಇದ್ದರೆ, ಉತ್ತರಗಳನ್ನು ಓದಿ. ಓದಿ ಫೇಲು ಮಾಡಿದರೂ ತಲೆಬಾಗುತ್ತೇನೆ, ಫೇಲಾದವಳೆಂದರೆ ಬಂದು ಬರೆದವಳು ಎಂದಾದರೂ ಅರ್ಥವಿದೆ. ಅಲ್ಲಿಯವರೆಗೆ ನನ್ನ ಹೆಸರು ಅಳಿಸಬೇಡಿ. ಅದಕ್ಕೆ ನಿಮ್ಮದೊಂದು ಮಾತು ಸಾಕಂತೆ, ಗುಮಾಸ್ತರೇ ಹೇಳಿದ್ದಾರೆ.

ಇಷ್ಟು ಹೊತ್ತು ವ್ಯಂಗ್ಯವಾಡಿದ್ದಕ್ಕೆ ಕ್ಷಮಿಸಿ. ಅದೆಲ್ಲ ಬಿಟ್ಟು ಕೈಮುಗಿದು ಕೇಳುತ್ತಿದ್ದೇನೆ. ನನ್ನ ನೋಂದಣಿ ಸಂಖ್ಯೆಯನ್ನೂ ಫೋನ್ ಸಂಖ್ಯೆಯನ್ನೂ ಇದರ ಕೆಳಗೇ ಹಾಕಿದ್ದೇನೆ. ನೀವಲ್ಲದಿದ್ದರೆ ನಿಮ್ಮನ್ನು ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಅವರನ್ನು ಎಬ್ಬಿಸಿ. ಮಗು ಎಚ್ಚರಗೊಂಡರೂ ಚಿಂತೆಯಿಲ್ಲ, ಫೋನಿನ ಸದ್ದು ನಿಲ್ಲಿಸಿಲ್ಲ. ಐದು ಐವತ್ತಕ್ಕಾದರೂ ಆಗಲಿ, ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡಿ. ಮಾಡಿ ಸಾರ್.

ಇಂತಿ,
ಇನ್ನು ಒಂದೂಮುಕ್ಕಾಲು ಗಂಟೆ ಕಾಲ ನಿಮ್ಮ ವಿದ್ಯಾರ್ಥಿನಿ