ನೀಲಾಳ ಟ್ರಂಕಿನ ದೆವ್ವ

ಶಿಕಾರಿಪುರ
20 ನವೆಂಬರ್ 1994

ಪ್ರೀತಿಯ ನೀಲಾ,

ಜವಳಿ ವ್ಯಾಪಾರಿ ಮಹಾಂತೇಶ್ ಎಂಬ ನಾನು, ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಹೋದ ವಾರ ಹಾಡಹಗಲೇ ನಿನ್ನ ಟ್ರಂಕಿನ ಬೀಗ ಒಡೆದು ನೀನು ಎಂ.ಎ.ಗೆ ಓದಿದ ಒಂದು ಇಂಗ್ಲಿಷ್ ದೆವ್ವದ ಕಾದಂಬರಿ ಕದ್ದಿದ್ದೇನೆ. ಬೀಗದ ಕೈ ನಿನ್ನ ಜೊತೆಗೇ ಸೊರಬಕ್ಕೆ ಹೋಗಿತ್ತು, ಏನು ಮಾಡಲಿ.

ಅಂಗಡಿ ತುಂಬ ಗಿರಾಕಿಗಳಿದ್ದಾಗ, "ನಮ್ಮಾಕಿ ದೆವ್ವದ ಮ್ಯಾಲೆ ಎಂ.ಎ. ಮಾಡ್ಯಾಳ್ರೀ" ಎಂದು ನಾನು ನಗಿಸಿದೆ. "ಮೊದ್ಲು ಒಂದು ಪುಸ್ತಕ ಪೂರ್ತಿ ಓದಿ, ಆಮೇಲೆ ನಗಿ. ಅಲ್ಲಿವರೆಗೂ ನಾನು ತವರಿಂದ ಬರೋದಿಲ್ಲ" ಎಂದು ನೀನು ಬಸ್ಸು ಹತ್ತಿದೆ.

ಓದಿಯೇ ತೀರುತ್ತೇನೆಂದು ಕೂತೆ. ಒಂದು ಕೈಯಲ್ಲಿ ನಿಘಂಟು, ಇನ್ನೊಂದರಲ್ಲಿ ಭೂತ. ಅವ್ವ ನೋಡಿ, "ಬಿ.ಕಾಂ.ಗೆ ಕಳಿಸ್ದಾಗ ಇಷ್ಟು ಓದ್ಲಿಲ್ಲ, ಹೆಂಡ್ತಿ ಹೋದ ಮ್ಯಾಲೆ ಓದಾಕ ಹತ್ಯಾನ" ಎಂದು ಪಕ್ಕದ ಮನೆಯ ಲೋಕಮ್ಮನಿಗೆ ವರದಿ ಒಪ್ಪಿಸಿದಳು.

ಮೊದಮೊದಲು ನಗುವೇ ಬಂತು. ಕಥೆಯಲ್ಲಿ ಅಷ್ಟು ದೊಡ್ಡ ಕೋಟೆಮನೆ. ಮದುವೆಯಾಗಿ ಬಂದ ಹುಡುಗಿ ಒಂದು ಮೇಣದಬತ್ತಿ ಹಿಡಿದು, ಹೋಗಬೇಡ ಎಂದ ಕೋಣೆಗೇ ಹೋಗುತ್ತಾಳೆ. ನಮ್ಮ ಮನೆಗೆ ದೆವ್ವ ಬಂದರೆ ಸೀರೆಯ ಬಂಡಲುಗಳ ನಡುವೆ ನಿಲ್ಲಲೂ ಜಾಗವಿಲ್ಲ. ಅವರಿಗೆ ಭೂತಕಾಲವೆಲ್ಲ ಭೂತದ ಕಾಲ. ನಮಗೆ ವರ್ತಮಾನಕ್ಕೇ ಪುರಸೊತ್ತಿಲ್ಲ.

ಆಮೇಲೆ ಶವಪೆಟ್ಟಿಗೆ ಬಂತು. ಅವರ ಸತ್ತವರು ಮಲಗಿರುತ್ತಾರೆ, ಮುಚ್ಚಳ ಸರಿಸಿ ಏಳುವಷ್ಟರಲ್ಲಿ ಓಡಿಬಿಡಬಹುದು ಎಂದುಕೊಂಡೆ. ಆಗ ಹೊಳೆಯಿತು: ನಮ್ಮವರನ್ನು ವಿಭೂತಿ ಹಚ್ಚಿ, ಕೂರಿಸಿಯೇ ಮಣ್ಣು ಮಾಡುತ್ತೇವಲ್ಲ. ನಮ್ಮ ಹೊಲದ ಸಮಾಧಿಯಲ್ಲಿ ಸದಾಶಿವಪ್ಪಜ್ಜ ಸಿದ್ಧವಾಗಿ ಕೂತೇ ಇದ್ದಾನೆ; ಎದ್ದು ನಿಂತರಾಯಿತು. ಆದರೂ ನಾನು ಹೆದರಲಿಲ್ಲ.

ನನ್ನನ್ನು ಕುಟುಕಿದ್ದು ಬೇರೆ. ಮಾಳಿಗೆಯಲ್ಲಿ ಯಾರೋ ಅಳುತ್ತಿದ್ದಾರೆಂದು ಆ ಹುಡುಗಿ ಹೇಳಿದಾಗಲೆಲ್ಲ ಗಂಡ ನಗುತ್ತಾನೆ, ಅತಿಥಿಗಳನ್ನೂ ನಗಿಸುತ್ತಾನೆ. ಬರಬರುತ್ತ ಅವಳು ಮಾತನ್ನೇ ಬಿಡುತ್ತಾಳೆ. ಅಲ್ಲಿ ಪುಸ್ತಕ ಮಡಚಿ ಗಲ್ಲಾದ ಮೇಲಿಟ್ಟೆ. ತವರಿಗೆ ಹೋಗುವುದಕ್ಕೆ ಎಷ್ಟೋ ಮೊದಲೇ ನೀನು ಓದಿದ್ದನ್ನು ನನಗೆ ಹೇಳುವುದು ನಿಲ್ಲಿಸಿದ್ದೆ. ನನಗದು ಗೊತ್ತೇ ಆಗಿರಲಿಲ್ಲ.

ಆ ನಗುವನ್ನು ಮಣ್ಣು ಮಾಡಿದ್ದೇನೆ, ಮಲಗಿಸಿಯೇ. ಟ್ರಂಕಿನಲ್ಲಿ ಉಳಿದವನ್ನೂ ಓದುವವನೇ. ಪುಸ್ತಕ ಪೂರ್ತಿ ಮುಗಿಯಿತು, ನಿನ್ನ ಷರತ್ತೂ ತೀರಿತು. ಬರುವ ಭಾನುವಾರ ಕರೆದುಕೊಂಡು ಹೋಗಲು ಬರಲೇ?

ನಿನ್ನ,
ಮಹಾಂತೇಶ್

ತಾ.ಕ.: ಪೂರ್ತಿ ಎಂದರೆ, ಕೊನೆಯ ಅಧ್ಯಾಯವೊಂದನ್ನು ಬಿಟ್ಟು. ಅದರಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆಯುತ್ತದೆಂದು ನನಗೆ ಅನುಮಾನ. ಹೊಲಕ್ಕೂ ಈಗ ಆಳು ಕರಿಯಣ್ಣನನ್ನೇ ಕಳಿಸುತ್ತಿದ್ದೇನೆ. ಆ ಅಧ್ಯಾಯ ನೀನೇ ಬಂದು ಓದಿ ಹೇಳಬೇಕು. ನಾನು ನಿನ್ನ ಸೆರಗು ಹಿಡಿದುಕೊಂಡು ಕೇಳುತ್ತೇನೆ.