ರೂರಿ ಕಿಲ್ಟು ಉಟ್ಟ ಬೇಸಿಗೆ

ಮೇ 4, ಸೋಮವಾರ. ಬೆಳಿಗ್ಗೆ

ಓಟ್ಸ್ ಗಂಜಿ ತಳ ಹಿಡಿಯಿತು. ತಪ್ಪು ನನ್ನದಲ್ಲ, ತಮ್ಮ ರೂರಿಯದು. ಮೆಟ್ಟಿಲಿಳಿದು ಬಂದವನನ್ನು ನೋಡುತ್ತ ಸೌಟು ಹಿಡಿದು ನಿಂತುಬಿಟ್ಟೆ. ಸೊಂಟಕ್ಕೆ ಅಪ್ಪನ ಕಿಲ್ಟು, ಮೊಣಕಾಲವರೆಗಿನ ನೆರಿಗೆಯ ಉಣ್ಣೆ ಉಡುಪು. ಮೇಲೆ... ದೋಣಿಗೆ ಬಣ್ಣ ಬಳಿಯುವಾಗ ತೊಡುವ ಚೌಕುಳಿ ಫ್ಲಾನೆಲ್ ಅಂಗಿ! ಕೋಟಿಲ್ಲ, ಟೈ ಇಲ್ಲ. ತೋಳು ಮೊಣಕೈವರೆಗೆ ಮಡಚಿದ್ದಾನೆ. ಗುಡ್ಡದ ಬೂಟು, ಜಾರಿ ಮುದುಡಿದ ಕಾಲುಚೀಲ.

“ಯಾರು ಸತ್ರೋ?” ಅಂದೆ.

“ಯಾರೂ ಇಲ್ಲಕ್ಕ. ಅದಕ್ಕೇ ಉಟ್ಕೊಂಡೆ.”

ಸೀದ ಗಂಜಿಯನ್ನೇ ಕೆರೆದು ತಿಂದು ಎದ್ದು ಹೋದ.

ರಾತ್ರಿ, ಊಟ ಆದ ಮೇಲೆ

ಯಾಕೆ ಉಟ್ಟೆ ಅಂತ ಕೇಳಿಯೇ ಬಿಟ್ಟೆ. ಅವನ ಹೆಂಡತಿ ಎಫಿ ತೀರಿಕೊಂಡ ಮೇಲೆ, ನಾನು ಈ ತಮ್ಮನ ಮನೆಗೆ ಬಂದ ಮೇಲೆ, ಆ ಕಿಲ್ಟು ಪೆಟ್ಟಿಗೆಯಿಂದ ಹೊರಬಂದದ್ದೆಲ್ಲ ಮಣ್ಣು ಮಾಡುವುದಕ್ಕೇ. ಕಪ್ಪು ಕೋಟು, ಬೆಳ್ಳಿ ಗುಂಡಿ, ಮುಂದೆ ತೂಗುವ ಸ್ಪೋರನ್ ತೊಗಲ ಚೀಲ — ಮೊದಲು ಎಫಿಗೆ, ಆಮೇಲೆ ಒಬ್ಬೊಬ್ಬರೇ ಹಳೆಯ ದೋಣಿ ಗೆಳೆಯರಿಗೆ.

“ಪೆಟ್ಟಿಗೆ ತೆಗೆದ್ರೆ ನುಸಿಗುಳಿಗೆ ವಾಸನೆ ಬರತ್ತೆ, ಒಬ್ರು ಹೋದ್ರು ಅನ್ಸತ್ತೆ. ಇಷ್ಟು ಒಳ್ಳೆ ಬಟ್ಟೆ ಹೆಣದ ಹಿಂದೇನೇ ನಡೀಬೇಕಾ? ನಾನು ಬದುಕಿದೀನಲ್ಲ.”

ಹೆರಿಂಗ್ ಮೀನು ಹುರಿದೆ. ಅವನಿಗೆ ದೊಡ್ಡದು ಹಾಕಿದೆ.

ಮೇ 5

ಒಂದು ದಿನದ ಹುಚ್ಚು ಅಂದುಕೊಂಡಿದ್ದೆ. ಅಲ್ಲ. ಇವತ್ತು ಮಾಸಿದ ನೀಲಿ ಡೆನಿಮ್ ಅಂಗಿ. ಹಾಗೆಯೇ ಬಂದರಿನ ಕಡೆ ಹೊರಟ. ನಾನೂ ಬ್ರೆಡ್ಡಿಗೆಂದು ಹಿಂದೆ ಹೋದೆ — ಅರ್ಧ ಬ್ರೆಡ್ಡಿಗೆ, ಅರ್ಧ ಯಾರು ಏನಂತಾರೋ ಕೇಳಲಿಕ್ಕೆ.

ಅಂದದ್ದು ಪಕ್ಕದ ಮನೆಯ ಹೆಕ್ಟರ್. ಕೋಳಿಗೆ ಕಾಳು ಹಾಕುವಾಗಲೂ ಟೈ ಕಟ್ಟುವ ಮನುಷ್ಯ.

“ಏನಯ್ಯಾ ರೂರಿ, ಕೆಳಗೆ ಮದುಮಗ, ಮೇಲೆ ಬಡಗಿ?”

“ಮಧ್ಯದಲ್ಲಿ ನಾನಿದೀನಿ ಹೆಕ್ಟರ್. ಹಾಯಾಗಿದೀನಿ.”

“ನಿಮ್ಮಪ್ಪ ನೋಡಿದ್ರೆ ಎದ್ದು ಬರ್ತಿದ್ದ!”

“ಬರ್ಲಿ. ಅವನಿಗೂ ಒಂದು ಅಂಗಿ ಕೊಡ್ತೀನಿ.”

ಬಂದರಿನವರೆಲ್ಲ ನಕ್ಕರು. ರೂರಿಯೂ ನಕ್ಕ. ಆ ನಗು ಕೇಳಿ ಎಷ್ಟು ಕಾಲವಾಗಿತ್ತು... ಬ್ರೆಡ್ಡು ಮರೆತು ಬಂದೆ.

ಮೇ 11

ದಿನಕ್ಕೊಂದು ಅಂಗಿ. ಕಾಲರಿಲ್ಲದ ಲಿನನ್ನು. ಎಫಿ ಕೊಡಿಸಿದ್ದ ಹಸಿರು ಕಾರ್ಡುರಾಯ್. ಭಾನುವಾರ ಚರ್ಚಿಗೆ ಬಿಳಿಯದು, ಮೇಲಿನ ಗುಂಡಿ ಬಿಚ್ಚಿ. ಪಾದ್ರಿಗಳು ಏನೂ ಅನ್ನಲಿಲ್ಲ. ಅವರ ಹೆಂಡತಿ ಎರಡು ಸಲ ತಿರುಗಿ ನೋಡಿದರು.

ಹಿಂದಿನಿಂದ ನೋಡಬೇಕು ಅವನನ್ನು. ಏರುದಾರಿಯಲ್ಲಿ ನೆರಿಗೆಗಳು ಹೆಜ್ಜೆಗೊಮ್ಮೆ ಅತ್ತ, ಹೆಜ್ಜೆಗೊಮ್ಮೆ ಇತ್ತ. ಕೋಟು ಹಾಕಿದಾಗ ಕಿಲ್ಟು ಸೆಟೆದು ನಿಲ್ಲುತ್ತಿತ್ತು. ಬರೀ ಅಂಗಿಯ ಜೊತೆ ನಡೆಯುತ್ತದೆ. ಅವನೂ ಹಾಗೆಯೇ — ಭುಜ ಇಳಿಬಿಟ್ಟು, ಸಿಳ್ಳೆ ಹಾಕುತ್ತ.

ಅಂಗಡಿಯ ಊನಾ ಕಣ್ಣು ಮಿಟುಕಿಸಿದಳು: “ಇಶ್ಬೆಲಕ್ಕ, ನಿಮ್ ತಮ್ಮನ ಮೊಣಕಾಲು ನೋಡಿ ನನ್ ಅಂಗಡಿಗೆ ವ್ಯಾಪಾರ ಜಾಸ್ತಿ ಆಗಿದೆ.” ಹುಚ್ಚು ಹುಡುಗಿ. ನನಗೂ ಸಣ್ಣ ಹೆಮ್ಮೆ — ಇಲ್ಲಿ ಮಾತ್ರ ಬರೆಯಬಹುದು.

ಮೇ 14

ನಾಳೆ ಇಬ್ಬರೂ ಗುಡ್ಡಕ್ಕೆ. ಚಳಿಗಾಲದ ಒಲೆಗೆ ಪೀಟು ಕಡಿಯಬೇಕು. ಆ ಉರಿಯುವ ಜೌಗುಮಣ್ಣು ಈಗ ಕಡಿದು ಹರವಿದರೇ ಒಣಗುವುದು. ಪ್ಯಾಂಟು ಹಾಕ್ಕೋ ಅಂದೆ, ಬಡಗಣ ಗಾಳಿ ಎದ್ದಿದೆ. “ಉಣ್ಣೆ ಕಣಕ್ಕ, ಒದ್ದೆಯಾದ್ರೂ ಬೆಚ್ಚಗಿರತ್ತೆ” ಅಂತಾನೆ. ಮೊಂಡ.

ಮೇ 29. ಇನ್ವರ್ನೆಸ್, ಆಸ್ಪತ್ರೆ

ಈ ದಿನಚರಿ ಪುಸ್ತಕ ಊನಾ ತಂದುಕೊಟ್ಟಳು. ತೊಡೆ ಮೂಳೆ ಮುರಿದಿದೆ, ಒಳಗೆ ಉಕ್ಕಿನ ಸರಳು. ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಹದಿನೈದಕ್ಕೆ, ಗುಡ್ಡದ ಮೇಲೆ, ನನ್ನ ಕಾಲಡಿಯ ಅಂಚು ಕುಸಿಯಿತು. ಪೀಟು ಕಡಿದ ಹೊಂಡದೊಳಗೆ ಬಿದ್ದೆ. ಕಾಲಿನಲ್ಲಿ ‘ಟಕ್’ ಅಂದದ್ದು ಕೇಳಿಸಿತು. ಎದೆಮಟ್ಟ ಕಪ್ಪು ನೀರು, ಮೇಲಿನಿಂದ ಆಲಿಕಲ್ಲು ಬೆರೆತ ಮಳೆ. ರೂರಿ ಕಂಕುಳಿಗೆ ಕೈ ಹಾಕಿ ಎಳೆದ. ನಾನು ಕಿರುಚಿದೆ, ಅವನು ಬಿಡಲಿಲ್ಲ. ಮೊಬೈಲಿಗೆ ಅಲ್ಲಿ ಸಿಗ್ನಲ್ ಇಲ್ಲ. ಮೊದಲು ನಡುಕ... ಆಮೇಲೆ ನಡುಕ ನಿಂತು ನಿದ್ದೆ ಬರತೊಡಗಿತು. ಅದನ್ನು ಕಂಡು ಅವನು ಹೆದರಿದ.

“ಅಕ್ಕ, ಮಲಗ್ಬೇಡ. ನನ್ನ ಬೈಯಿ. ಏನಾದ್ರೂ ಬೈಯಿ!”

ಬಕಲ್ ಬಿಚ್ಚಿದ. ಕಿಲ್ಟನ್ನು ಸುತ್ತಿದ, ನೆರಿಗೆ ಬಿಡಿಸಿ ಕೊರಳವರೆಗೆ. ಅವನ ಮೈಯ ಬಿಸಿ ಇನ್ನೂ ಅದರಲ್ಲಿತ್ತು. ಒಲೆಯ ಪಕ್ಕ ಕೂತಂತೆ.

“ನಿನ್ನ ಮಣ್ಣಿಗೆ ನಾನಿದನ್ನ ಉಡಲ್ಲ. ಕೇಳಿಸ್ತಾ? ಉಡಲ್ಲ!”

ಅಳುತ್ತಿದ್ದ. ಎಫಿ ಸತ್ತಾಗಲೂ ಯಾರೆದುರೂ ಅಳದವನು. ನನ್ನನ್ನು ಬಂಡೆಯ ಮರೆಗೆ ಒರಗಿಸಿ ಓಡಿದ. ಬರೀ ಅಂಗಿ, ಬೂಟು. ಗಾಳಿಯಲ್ಲಿ ಅಂಗಿಯ ಬಾಲ ಪಟಪಟ ಅನ್ನುತ್ತಿತ್ತು. ಅಷ್ಟು ನೆನಪಿದೆ.

ಮೇ 30

ಹೆಕ್ಟರ್ ಬಂದಿದ್ದ, ದ್ರಾಕ್ಷಿ ತಂದಿದ್ದ. ಅಂದು ರಸ್ತೆಯಲ್ಲಿ ರೂರಿಗೆ ಮೊದಲು ಸಿಕ್ಕಿದ್ದೇ ಅವನ ಕಾರಂತೆ.

“ನಗ್ಬೇಕು ಅಂತ ಬಾಯಿ ತೆಗೆದೆ ಇಶ್ಬೆಲ್. ರಸ್ತೆ ಮಧ್ಯೆ ನಿಂತಿದಾನೆ, ಚೌಕುಳಿ ಅಂಗಿ ಬಿಟ್ರೆ ಏನೂ ಇಲ್ಲ. ಅದು ಉದ್ದ ಇತ್ತು, ದೇವರು ದೊಡ್ಡವನು. ಆಮೇಲೆ ಅವನ ಮುಖ ನೋಡ್ದೆ. ಬಾಯಿ ಮುಚ್ಕೊಂಡೆ.”

ಫೋನು ಮಾಡಿದ್ದು ಹೆಕ್ಟರ್. ಅವನ ಕೋಟು ಸೊಂಟಕ್ಕೆ ಕಟ್ಟಿಕೊಂಡು ರೂರಿ ಮತ್ತೆ ಗುಡ್ಡ ಹತ್ತಿದನಂತೆ, ಹೆಲಿಕಾಪ್ಟರ್ ಬರುವವರೆಗೆ ನನ್ನನ್ನು ತಬ್ಬಿ ಕೂತಿದ್ದನಂತೆ. ನನಗೆ ಅದೊಂದೂ ನೆನಪಿಲ್ಲ.

“ನನ್ ಜನ್ಮದಲ್ಲಿ ಅಷ್ಟು ಚೆಂದ ಬಟ್ಟೆ ಹಾಕ್ಕೊಂಡಿರೋ ಮನುಷ್ಯನ್ನ ನೋಡಿಲ್ಲ” ಅಂದ ಹೆಕ್ಟರ್. ಕಿಟಕಿಯ ಕಡೆ ತಿರುಗಿ ಟೈ ಸರಿಮಾಡಿಕೊಂಡ, ಬಹಳ ಹೊತ್ತು.

ಜೂನ್ 12

ಮನೆ! ರೂರಿ ಕಿಲ್ಟನ್ನು ತಣ್ಣೀರಿನಲ್ಲಿ ತೊಳೆದು, ಮೇಜಿನ ಮೇಲೆ ಹರವಿ, ಒಂದೊಂದು ನೆರಿಗೆಯನ್ನೂ ಮಡಿಸಿ ಕಚ್ಚಾ ಹೊಲಿಗೆ ಹಾಕಿ ಇಸ್ತ್ರಿ ಮಾಡಿದ್ದಾನೆ. ಅಂಚಿನಲ್ಲಿ ಪೀಟಿನ ಕಂದು ಕಲೆ ಉಳಿದಿದೆ. ಹೋಗುವುದಿಲ್ಲವಂತೆ. ನಾನು ಹೋಗಿಸು ಅನ್ನಲೂ ಇಲ್ಲ.

ಜೂನ್ 20. ಮಧ್ಯಾಹ್ನ

ಊರುಗೋಲು ಬೇಡ, ತೋಳು ಹಿಡಿದುಕೋ ಅಂತಾನೆ. ಸಮುದ್ರದವರೆಗೆ ನಡೆಸುತ್ತಾನಂತೆ. ಆಗುವುದಿಲ್ಲ ಅಂದೆ, ಬೀಳುತ್ತೇನೆ ಅಂದೆ.

“ಬಿದ್ರೆ ನಾನಿಲ್ವಾ?”

ಬಾಗಿಲಲ್ಲಿ ನಿಂತಿದ್ದಾನೆ, ಹಳದಿ ಹತ್ತಿ ಅಂಗಿ, ತೋಳು ಮೇಲಕ್ಕೆ. ಹಿಂದೆ ಬಿಸಿಲು. ಕೂಗುತ್ತಿದ್ದಾನೆ — ಬರೆದದ್ದು ಸಾಕಂತೆ, ಸಮುದ್ರದ ಉಬ್ಬರ ಇಳಿಯುವ ಮುಂಚೆ...

ಬಂದೆ ಕಣೋ, ಈ ಕಾಲು ಒಂದು ಚೂರು ಊರಿಕೊಳ್ಳಲಿ, ಪುಸ್ತಕ ಮುಚ್ಚಿದೆ.