ಹುಳವಿಲ್ಲದ ಬ್ರೊಕೊಲಿ

ಶಿಕಾರಿಪುರ
ಜನವರಿ ೧೭, ಶುಕ್ರವಾರ

ಅತ್ತೆಯವರಿಗೆ ನೀಲಾಂಬಿಕಳ ಶರಣು.

ಹೊಸಬಾಳೆಯ ಚಳಿಗೆ ನಿಮ್ಮ ಮಂಡಿನೋವು ಹೆಚ್ಚಾಗಿಲ್ಲ ತಾನೆ? ನಾದಿನಿ ಅಶ್ವಿನಿಯ ಬಾಣಂತನದ ಗಡಿಬಿಡಿಯಲ್ಲಿ ನಿಮ್ಮ ಮಾತ್ರೆ ಮರೆಯಬೇಡಿ. ಮಗು ರಾತ್ರಿ ನಿದ್ದೆ ಕೊಡುತ್ತಿದೆಯೇ? ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮಂದ ಕಿವಿಗೆ ಕೂಗಿ ಹೇಳುವ ವಿಷಯವಲ್ಲ ಇದು. ಕೂಗಿದರೆ ನಿಮಗಿಂತ ಮೊದಲು ನಿಮ್ಮ ಮಗನಿಗೆ ಕೇಳಿಸುತ್ತದೆ.

ಹಿತ್ತಿಲಿನ ನನ್ನ ಬ್ರೊಕೊಲಿ ನೆನಪಿದೆಯಲ್ಲ, ನೀವು 'ಹಸಿರು ಕಾಯಿಲೆ ಬಂದ ಹೂಕೋಸು' ಎಂದು ನಕ್ಕಿದ್ದು? ಕವಿತೆ ಓದುವವಳಿಗೆ ಸಗಣಿ ಗೊಬ್ಬರದ ಉಸಾಬರಿ ಯಾಕೆ ಎಂದು ಬೈಯುತ್ತಲೇ ಒಲೆಯ ಬೂದಿಯನ್ನು ಡಬ್ಬದಲ್ಲಿ ಕೂಡಿಸಿಟ್ಟು ಕೊಟ್ಟವರೂ ನೀವೇ. ಬೂದಿ ಉದುರಿಸಿದೆ, ಬೇವಿನ ನೀರು ಹಾಕಿದೆ, ಸಂಜೆ ಎಲೆ ಮಗುಚಿ ಹುಳ ಹೆಕ್ಕಿದೆ. ಬೆರಳಿಗೆ ಹಸಿರು ರಸ ಮೆತ್ತುತ್ತಿತ್ತು. ಅದಕ್ಕೆ ನಾನು ಅಸಹ್ಯಪಟ್ಟವಳಲ್ಲ. ಅಸಹ್ಯ ಎಂದರೇನು ಎಂದು ಗೊತ್ತಾದದ್ದು ಈ ವಾರ.

ಸಂಕ್ರಾಂತಿಗೆ ಕುಬಟೂರಿನ ತವರಿಗೆ ಹೋಗಿ ಬುಧವಾರ ಸಂಜೆ ಬಂದೆ. ನೋಡಿದರೆ ಗಿಡಗಳಲ್ಲಿ ಒಂದೇ ಒಂದು ಹುಳ ಇಲ್ಲ. ಹೂಗಡ್ಡೆಗಳು ಬಿಗಿಯಾಗಿ, ಒಂದೂ ಮೊಗ್ಗು ಹಳದಿ ತಿರುಗದೆ, ಕೊಯ್ಯುವ ಹದಕ್ಕೆ ನಿಂತಿದ್ದವು. ಬುಡದಲ್ಲಿ ಒಂದು ಜೇನ್ನೊಣ ಸತ್ತು ಬಿದ್ದಿತ್ತು. ಚಳಿಗೆ ಇರಬೇಕು ಅಂದುಕೊಂಡೆ. ನಿನ್ನೆ ಬೆಳಿಗ್ಗೆ ಎರಡು ಕೊಯ್ದೆ. ದೊಡ್ಡದನ್ನು ಪಕ್ಕದ ಮನೆಯ ತುಂಗಮ್ಮನವರ ಸೊಸೆ ಧನಲಕ್ಷ್ಮಿಗೆ ಕೊಟ್ಟೆ. ಅವಳಿಗೀಗ ಐದು ತಿಂಗಳು, ಉಂಡದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿಮ್ಮ ಮಗ ಬಾಗಿಲಲ್ಲೇ ಪೇಪರ್ ಹಿಡಿದು ನಿಂತಿದ್ದರು. "ಕೊಡು, ಕೊಡು" ಅಂದರು.

ಮಧ್ಯಾಹ್ನ ಇನ್ನೊಂದರ ಪಲ್ಯ ಮಾಡಿದೆ. ಬಡಿಸಲು ಹೋದರೆ ತಟ್ಟೆಗೆ ಅಂಗೈ ಅಡ್ಡ ಹಿಡಿದರು. "ನಂಗ್ ಬ್ಯಾಡ, ಹೊಟ್ಟೆ ಸರಿ ಇಲ್ಲ." ಮತ್ತೆ ಚಟ್ನಿಪುಡಿ ಹಾಕಿಸಿಕೊಂಡು ನಾಲ್ಕು ರೊಟ್ಟಿ ತಿಂದರು. ಒಂದಗುಳೂ ಬಿಡದೆ ಉಂಡು ತಟ್ಟೆಯನ್ನು ತೊಳೆದು ಕುಡಿಯುವುದನ್ನು ನೀವು ಅವರಿಗೆ ಚಿಕ್ಕಂದಿನಿಂದ ಕಲಿಸಿದ್ದೀರಿ. ಬಡಿಸಿಕೊಂಡರೆ ಬಿಡುವ ಹಾಗಿಲ್ಲ, ಅದಕ್ಕೇ ಬಡಿಸಿಕೊಳ್ಳಲೇ ಇಲ್ಲ. ಎದುರಿಗೆ ಕೂತು ನಾನು ಅದೇ ಪಲ್ಯ ತಿನ್ನುತ್ತಿದ್ದೆ. ನೋಡುತ್ತಾ ರೊಟ್ಟಿ ಅಗಿಯುತ್ತಿದ್ದರು.

ಸಂಜೆ ಅಂಬ್ಲಿಗೊಳದ ರೈತ ಮಲ್ಲೇಶಪ್ಪ ಬಂದಾಗ ಎಲ್ಲ ತಿಳಿಯಿತು. ಇವರು ಅವರನ್ನು ಹಿತ್ತಿಲಿಗೆ ಕರೆದೊಯ್ದು ತಮ್ಮ ಗೊಬ್ಬರದಂಗಡಿಗೆ ಬಂದ ಹೊಸ ಹುಳದ ಔಷಧಿಯ ಗುಣಗಾನ ಮಾಡುತ್ತಿದ್ದರು. ನಾನು ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದೆ.

"ಒಂದ್ ಹುಳ ತೋರ್ಸು ನೋಡಾಣ! ಇವಳು ತವರಿಗೆ ಹೋದಾಗ ಒಂದೇ ಸಲ ಹೊಡದೀನಿ. ಕಂಪನಿಯವ್ರು ಫೋಟೋ ತಗಳಕ್ಕೆ ಬರ್ತಾರೆ."

"ಹೊಡದ್ ಮ್ಯಾಲೆ ವಾರ ತಿನ್ನಂಗಿಲ್ಲ ಅಂತೀರಲ್ರೀ. ಅಕ್ಕಾರಿಗೆ ಗೊತ್ತೈತಾ?"

"ಗೊತ್ತಾದ್ರೆ ಕವಿತೆ ಬರೀತಾಳೆ ಮಾರಾಯ!"

ಇಬ್ಬರೂ ನಕ್ಕರು. ನಾನು ಬಟ್ಟೆ ಬಿಟ್ಟು ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಕೊಂಡೆ. ಹೋದದ್ದು ಪಲ್ಯ ಮಾತ್ರ. ಆ ನಗು ಇನ್ನೂ ಗಂಟಲಲ್ಲೇ ಇದೆ.

ರಾತ್ರಿ ಕೇಳಿದೆ. "ಏನಾಗೈತೆ ಈಗ? ಎಲ್ರೂ ಚೆನ್ನಾಗೇ ಅದಾರಲ್ಲ. ಸಂತೇಲಿ ತರೋದೂ ಹಿಂಗೇ ಬಂದಿರ್ತೈತೆ. ಪಕ್ಕದ ಮನೇಲಿ ಬಾಯಿ ಬಿಟ್ಟೀಯ ಮತ್ತೆ, ಅಂಗಡಿ ಮರ್ಯಾದೆ ಹೋಗ್ತೈತೆ" ಅಂದರು. ಇಷ್ಟು ಹೇಳಿ ಮಗ್ಗುಲಾಗಿ ಗೊರಕೆ ಹೊಡೆದರು. ಅವರ ಬೆನ್ನಿಗೆ ತಗುಲಿದ ಕಂಬಳಿ ನನ್ನ ಮೈಗೆ ತಾಕಿದ್ದಕ್ಕೂ ಹೇಸಿಗೆಯಾಗಿ, ಎದ್ದು ನಡುಮನೆಯಲ್ಲಿ ಮಲಗಿದೆ.

ಇವತ್ತು ಬೆಳಿಗ್ಗೆ ಗಿಡಗಳನ್ನೆಲ್ಲ ಕಿತ್ತು, ದನ ಬಾಯಿ ಹಾಕದಂತೆ ಗುಂಡಿ ತೋಡಿ ಮುಚ್ಚಿದೆ. ಬೇಲಿಯಾಚೆಯಿಂದ ತುಂಗಮ್ಮ, "ನಿನ್ನೆ ನಮ್ಮ ಹುಡುಗಿ ಎರಡು ಸಲ ಹಾಕಿಸ್ಕೊಂಡು ಉಂಡ್ಲು ಕಣಮ್ಮಾ. ನಿನ್ ಕೈಗೆ ಪುಣ್ಯ ಬರ್ಲಿ" ಅಂದರು. ಮಣ್ಣು ಮೆತ್ತಿದ ಆ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಬಂದುಬಿಟ್ಟೆ. ಹೇಳಿದರೆ ಈ ಮನೆ ಒಡೆಯುತ್ತದೆ. ಹೇಳದಿದ್ದರೆ ಆ ಹುಡುಗಿಯ ಮುಖ ನಾನು ಹೇಗೆ ನೋಡಲಿ? ನೀವು ಇಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಯೋಚಿಸುತ್ತಲೇ ಇಷ್ಟು ಬರೆದೆ.

ಅಶ್ವಿನಿಗೆ ನನ್ನ ನೆನಪು ಹೇಳಿ, ಮಗುವಿಗೆ ಮುತ್ತು. ನೀವು ಬೆಚ್ಚಗಿರಿ.

ನಿಮ್ಮ ಸೊಸೆ,
ನೀಲಾಂಬಿಕ

ಮತ್ತೊಂದು ಮಾತು: ಅಂಚೆಗೆ ಹಾಕಲು ಹೊರಟವಳು ದಾರಿಯಲ್ಲಿ ತುಂಗಮ್ಮನವರ ಮನೆಗೆ ಹೋಗಿ ಎಲ್ಲ ಹೇಳಿದೆ. ಡಾಕ್ಟರಿಗೆ ತೋರಿಸಲಿ ಎಂದು ಹಿತ್ತಿಲಿನಿಂದ ಔಷಧಿಯ ಬಾಟಲಿಯನ್ನೂ ತಂದುಕೊಟ್ಟೆ. ಧನಲಕ್ಷ್ಮಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟಳು; ತುಂಗಮ್ಮ ನನ್ನ ಮುಖಕ್ಕೇ ಬಾಗಿಲು ಹಾಕಿದರು. ಈಗ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಈ ಕಾಗದ ಮುಟ್ಟುವ ಮೊದಲೇ ನಿಮ್ಮ ಮಗ ಅಶ್ವಿನಿಗೆ ಫೋನ್ ಮಾಡಿ, ನೀಲಾ ಅಂಗಡಿ ಮುಳುಗಿಸಿದಳು ಅಂದಿರುತ್ತಾರೆ. ಹೌದು ಅತ್ತೆ, ನಾನೇ ಹೇಳಿದೆ.